ಮನೆವಾರ್ತೆ: ಹಳೇ ಕಂಪ್ಯೂಟರು, ಹೊಸ ಡಿಸ್ಕು



ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ವರ್ಷಕ್ಕೊಮ್ಮೆಯಾದರೂ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಇಡುತ್ತೀರಿ. ಆದರೆ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ಹಳೇ ಕಂಪ್ಯೂಟರನ್ನು ತೆರೆದು ನೋಡಿ ಎಷ್ಟು ದಿನವಾಯಿತು? ಮಗಳ ನಾಮಕರಣ, ಮೈದುನನ ಮದುವೆ, ಈಗ ನಮ್ಮೊಂದಿಗಿಲ್ಲದ ಹಿರಿಯರ ನಗುಮುಖ, ಎಲ್ಲವೂ ಅದರ ಹೊಟ್ಟೆಯಲ್ಲೇ ಇರಬಹುದು. ಒಳಗಿನ ಡಿಸ್ಕು ತಿರುಗುವ ಯಂತ್ರ. ಅದಕ್ಕೂ ಮುಪ್ಪು ಉಂಟು. ಕೆಡುವಾಗ ಹೇಳಿ ಕೇಳಿ ಕೆಡುವುದಿಲ್ಲ. ಆದ್ದರಿಂದ ಕಂಪ್ಯೂಟರು ಇನ್ನೂ ಓಡುತ್ತಿರುವಾಗಲೇ ಅದರಲ್ಲಿರುವುದನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಡುವುದು ಜಾಣತನ.

ಇಲ್ಲಿ ಒಂದು ತೊಡಕಿದೆ. ಬಹಳ ಮನೆಗಳ ಹಳೇ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ಅದು ಬಂದದ್ದು ೨೦೦೧ರಲ್ಲಿ. ಇಂದಿನ ಡಿಸ್ಕನ್ನು ಸಿಕ್ಕಿಸಿದರೆ ಕೆಲವೊಮ್ಮೆ ಡಿಸ್ಕು ಕಾಣಿಸುವುದೇ ಇಲ್ಲ. ಇಲ್ಲವೇ "ಈ ಡಿಸ್ಕು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಆಗ ದಯವಿಟ್ಟು "ನೋ" ಒತ್ತಿ. ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ. ಮೋಡಿ ಲಿಪಿಯ ಹಳೇ ಕಾಗದ ನಮಗೆ ಓದಲು ಬರಲಿಲ್ಲ ಅಂದರೆ ಕಾಗದ ಖಾಲಿ ಅಂತಲ್ಲವಲ್ಲ! ಹಾಗೆಯೇ ಇದೂ. ಮಗ ತನ್ನ ಫೋನಿನ ಫೋಟೋಗಳನ್ನು ಆ ಡಿಸ್ಕಿಗೆ ಮೊದಲೇ ತುಂಬಿಸಿಟ್ಟಿದ್ದರೆ, "ಯೆಸ್" ಒತ್ತಿದಾಗ ಅವೆಲ್ಲ ಕೈತಪ್ಪಿ ಹೋಗುತ್ತವೆ.

ಹೀಗೇಕೆ ಆಗುತ್ತದೆ? ಮುಖ್ಯವಾಗಿ ಮೂರು ಕಾರಣ.

ಮೊದಲನೆಯದು ಡಿಸ್ಕಿನ ಅಳತೆ. ಮನೆಗಳಲ್ಲಿರುವ ಸಾಮಾನ್ಯ ಎಕ್ಸ್‌ಪಿಗೆ ಗೊತ್ತಿರುವ ಲೆಕ್ಕದ ಪದ್ಧತಿಯ ಹೆಸರು ಎಂಬಿಆರ್. ಆ ಲೆಕ್ಕ ಸುಮಾರು ೨ ಟೆರಾಬೈಟಿಗೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕುಗಳು ಸಾಮಾನ್ಯವಾಗಿ ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿರುತ್ತವೆ. ಅದು ಎಕ್ಸ್‌ಪಿಗೆ ಅರ್ಥವಾಗದು. ೪ ಟೆರಾಬೈಟಿಗೆ ಆಸೆಪಡದೆ ೧ ಅಥವಾ ೨ ಟೆರಾಬೈಟಿನದನ್ನೇ ಕೊಳ್ಳಿ.

ಎರಡನೆಯದು ಫಾರ್ಮ್ಯಾಟ್. ಈಗಿನ ಕೆಲವು ಡಿಸ್ಕುಗಳು ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಬರುತ್ತವೆ. ೨೦೦೯ರಲ್ಲಿ ಬಂದ ಒಂದು ಸೇರ್ಪಡೆಯನ್ನು ಹಾಕಿರದ ಎಕ್ಸ್‌ಪಿ ಅದನ್ನು ಓದಲಾರದು. ಎನ್‌ಟಿಎಫ್‌ಎಸ್ ಆದರೆ ಹಳೇ ಯಂತ್ರಕ್ಕೂ ಸೈ, ಹೊಸ ವಿಂಡೋಸ್ ಯಂತ್ರಕ್ಕೂ ಸೈ. ಡಿಸ್ಕು ಕೊಳ್ಳುವ ಅಂಗಡಿಯಲ್ಲೇ "ಎಂಬಿಆರ್ ಇರಲಿ, ಎನ್‌ಟಿಎಫ್‌ಎಸ್ ಮಾಡಿಕೊಡಿ" ಎಂದು ಚೀಟಿ ಬರೆದು ಕೊಡಿ. ಡಿಸ್ಕು ಖಾಲಿ ಇರುವಾಗಲೇ ಮಾಡಿಸಬೇಕಾದ ಕೆಲಸವಿದು.

ಮೂರನೆಯದು ವಿದ್ಯುತ್ತು. ಸಣ್ಣ ಡಿಸ್ಕಿಗೆ ಬೇರೆ ಪ್ಲಗ್ ಇರುವುದಿಲ್ಲ, ಯುಎಸ್‌ಬಿ ಕಿಂಡಿಯಿಂದಲೇ ಕರೆಂಟು ಸಿಗಬೇಕು. ಹೊಸ ನಮೂನೆಯ ಕಿಂಡಿ ೯೦೦ ಮಿಲಿ ಆಂಪಿಯರ್ ಕೊಟ್ಟರೆ ಹಳೆಯದು ಕೊಡುವುದು ೫೦೦ ಮಾತ್ರ. ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡಿ ಸುಮ್ಮನಾದರೆ, ಅದಕ್ಕೆ ಕರೆಂಟು ಸಾಲುತ್ತಿಲ್ಲದಿರಬಹುದು. ಕಂಪ್ಯೂಟರಿನ ಮುಂದಿನ ಕಿಂಡಿ ಬಿಟ್ಟು ಹಿಂಭಾಗದ್ದಕ್ಕೆ, ಡಿಸ್ಕಿನೊಡನೆ ಬಂದ ಗಿಡ್ಡ ವೈರಿನಿಂದಲೇ ಸಿಕ್ಕಿಸಿ ನೋಡಿ.

ಇಷ್ಟಾದ ಮೇಲೆ ಕೆಲಸ ಸುಲಭ. "ಕಟ್" ಬೇಡ, "ಕಾಪಿ" ಮಾಡಿ. ನಡುವೆ ಏನಾದರೂ ಎಡವಟ್ಟಾದರೂ ಮೂಲ ಅಲ್ಲೇ ಇರುತ್ತದೆ. ಹಳೇ ಕಿಂಡಿಯಲ್ಲಿ ೫೦ ಗಿಗಾಬೈಟ್ ಸಾಗಲು ಅರ್ಧ ಗಂಟೆಯಾದರೂ ಬೇಕು, ಸಣ್ಣ ಸಣ್ಣ ಫೋಟೋಗಳು ಬಹಳವಿದ್ದರೆ ಇನ್ನೂ ಹೆಚ್ಚು. ಕುಕ್ಕರ್ ಇಟ್ಟು, ಸಾರಿಗೆ ಒಗ್ಗರಣೆ ಕೊಟ್ಟು ಬರುವಷ್ಟು ಪುರುಸೊತ್ತು ಸಿಗುತ್ತದೆ ಬಿಡಿ! ಆದರೆ ಕರೆಂಟು ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನಲ್ಲಿರುವ ಫೋಟೋಗಳ ಸಂಖ್ಯೆ ಒಂದೇ ಇದೆಯೇ ನೋಡಿ, ನಾಲ್ಕಾರು ಫೋಟೋ ತೆರೆದು ಪರೀಕ್ಷಿಸಿ. ಪರದೆಯ ಕೆಳಗೆ ಬಲಮೂಲೆಯ ಗುರುತನ್ನು ಒತ್ತಿ, "ಈಗ ತೆಗೆಯಬಹುದು" ಎಂಬ ಸೂಚನೆ ಬಂದ ಮೇಲಷ್ಟೇ ವೈರು ಕೀಳಿ.

ಏನು ಮಾಡಿದರೂ ಡಿಸ್ಕು ಒಗ್ಗದಿದ್ದರೆ ಎದೆಗುಂದಬೇಡಿ. ೩೨ ಗಿಗಾಬೈಟಿನ ಪೆನ್ ಡ್ರೈವ್ ಸಾಮಾನ್ಯವಾಗಿ ಹಳೇ ಯಂತ್ರಕ್ಕೂ ಅರ್ಥವಾಗುವ ಫ್ಯಾಟ್-೩೨ ಬಗೆಯಲ್ಲೇ ಬರುತ್ತದೆ. ಬಾವಿಯಿಂದ ಕೊಡದಲ್ಲಿ ನೀರು ಹೊತ್ತಂತೆ ನಾಲ್ಕೈದು ಸಲ ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸಿ. ಒಂದೇ ವಿಡಿಯೋ ೪ ಗಿಗಾಬೈಟಿಗಿಂತ ದೊಡ್ಡದಿದ್ದರೆ ಮಾತ್ರ ಇದರಲ್ಲಿ ಹಿಡಿಸದು.

ಇನ್ನೊಂದು ಮಾತು. ಎಕ್ಸ್‌ಪಿಗೆ ರಕ್ಷಣೆಯ ಸೇರ್ಪಡೆಗಳು ಬರುವುದು ೨೦೧೪ರ ಏಪ್ರಿಲ್ ೮ಕ್ಕೇ ನಿಂತಿತು. ಆ ಯಂತ್ರಕ್ಕೆ ಇಂಟರ್‌ನೆಟ್ ಜೋಡಿಸಬೇಡಿ, ಬ್ಯಾಂಕಿನ ವ್ಯವಹಾರವಂತೂ ಬೇಡವೇ ಬೇಡ. ಹಾಗೆಯೇ, ಡಿಸ್ಕಿಗೆ ತೆಗೆದಿಟ್ಟ ಮಾತ್ರಕ್ಕೆ ಹಳೆಯದನ್ನು ಅಳಿಸಿಬಿಡಬೇಡಿ. ಹೊಸ ಡಿಸ್ಕೂ ಕೈಜಾರಿ ನೆಲಕ್ಕೆ ಬೀಳಬಹುದು. ಎರಡನೇ ಪ್ರತಿಯೊಂದು ತವರಿನಲ್ಲೋ ಅಕ್ಕನ ಮನೆಯಲ್ಲೋ ಇರಲಿ.

ಬರುವ ಭಾನುವಾರ ಮಧ್ಯಾಹ್ನ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿ. ಫೋಟೋದಲ್ಲಿರುವ ಹಿರಿಯರು ಯಾರು, ಯಾವ ಊರು, ಯಾರ ಮದುವೆ ಎಂದು ಅವರಿಗೆ ಹೇಳುತ್ತಾ ಹೋಗಿ. ಅದನ್ನು ಹೇಳಿಕೊಡಲು ಯಾವ ಡಿಸ್ಕಿಗೂ ಬಾರದು, ನೀವೇ ಹೇಳಬೇಕು.