ಡೊಂಕು ಯಾರದು?

ಹೈದರಾಬಾದಿನಲ್ಲಿ ಕುದುರೆ ಎಂದೊಡನೆ ನೆನಪಾಗುವುದು ಮಲಕ್‌ಪೇಟೆಯ ರೇಸು. ಓಟ ಮುಗಿಸಿದ ಕುದುರೆಗಳಲ್ಲಿ ಕೆಲವು ಸವಾರಿ ಶಾಲೆ ಸೇರಿ ಮಕ್ಕಳನ್ನು ಹೊರುತ್ತವೆ. ನಮ್ಮ ಬಳಗದ ಮಕ್ಕಳೂ ಅವುಗಳ ಮೇಲೆಯೇ ಸವಾರಿ ಕಲಿಯುತ್ತಿದ್ದಾರೆ. ಬೇಲಿಯ ಬದಿಯಲ್ಲಿ ನಿಂತು ನೋಡುವ ನಮ್ಮನ್ನು ಒಂದು ದೃಶ್ಯ ಮತ್ತೆ ಮತ್ತೆ ಕಾಡುತ್ತದೆ: ಕುದುರೆ ಒಂದು ಕಡೆಗೆ ವಾಲುತ್ತದೆ, ಮಗು ಲಗಾಮು ಜಗ್ಗುತ್ತದೆ, ಕುದುರೆ ಬಾಯಿ ತೆರೆದು ಇನ್ನಷ್ಟು ವಾಲುತ್ತದೆ. ಈ ಜಗ್ಗಾಟ ನಿಲ್ಲಬೇಕು ಎಂಬುದು ನಮ್ಮ ನಿಲುವು.

ನಮ್ಮಲ್ಲಿ ಬಲಗೈಯವರು, ಎಡಗೈಯವರು ಇರುವಂತೆ ಕುದುರೆಗೂ ಒಂದು ಪಕ್ಕ ಸಲೀಸು, ಇನ್ನೊಂದು ಬಿಗಿ. ಸಲೀಸಾಗಿ ಬಾಗುವ ಪಕ್ಕದ ಲಗಾಮು ಸಡಿಲವಾಗಿ ಜೋಲುತ್ತದೆ. ಬಿಗಿ ಪಕ್ಕದ್ದು ಕೈಗೆ ಭಾರವಾಗುತ್ತದೆ. ಸದಾ ಒಂದೇ ದಿಕ್ಕಿಗೆ ತಿರುಗಿ ಓಡಿದ ಕುದುರೆಯಲ್ಲಿ ಈ ಭೇದ ಇನ್ನಷ್ಟು ಬಲಿತಿರುತ್ತದೆ. ಭಾರವಾದ ಲಗಾಮನ್ನು ಎಳೆಯಬೇಕೆನಿಸುವುದು ಸಹಜ. ಆದರೆ ಡೊಂಕಿನ ಬೇರು ಬಾಯಲ್ಲಿಲ್ಲ. ಮುಂಗಾಲಿನ ಜಾಡು ಬಿಟ್ಟು ಪಕ್ಕಕ್ಕೆ ಸರಿಯುವ ಹಿಂಗಾಲಿನಲ್ಲಿದೆ. ಆದುದರಿಂದ ಸವಾರನು ಮೊದಲು ಕಾಲಿನ ಒತ್ತಿನಿಂದ ಕುದುರೆಯನ್ನು ಮುಂದಕ್ಕೆ ನಡೆಸಬೇಕು. ಸಡಿಲ ಪಕ್ಕದ ಲಗಾಮನ್ನು ಅದು ತಾನಾಗಿ ಅರಸಿ ಬರುವಂತೆ ಮಾಡಬೇಕು. 20 ಮೀಟರಿನ ವೃತ್ತವನ್ನು ಎರಡೂ ದಿಕ್ಕಿಗೆ ಸಮವಾಗಿ ತಿರುಗಿಸಬೇಕು. ಕುದುರೆಯ ಭುಜ ಸೊಂಟಕ್ಕಿಂತ ಕಿರಿದು. ಬೇಲಿಗೆ ಭುಜ ಒತ್ತಿ ನಡೆದರೆ ಸೊಂಟ ಒಳಕ್ಕೆ ತಿರುಗಿ, ಮೈ ಓರೆಯಾಗುತ್ತದೆ. ಬೇಲಿಯಿಂದ ದೂರ, ಯಾವ ಆಸರೆಯೂ ಇಲ್ಲದ ಗೆರೆಯ ಮೇಲೆ ನಡೆಸಿದರೆ ಸತ್ಯ ಹೊರಬೀಳುತ್ತದೆ. ಎರಡು ಹೆಜ್ಜೆಯ ಮಟ್ಟಿಗೆ ಒಳಲಗಾಮನ್ನು ಬಿಟ್ಟುಕೊಟ್ಟರೂ ಕುದುರೆ ದಾರಿ ತಪ್ಪದಿದ್ದರೆ ಪಾಠ ಫಲಿಸಿದಂತೆ. ಎರಡು ಕೈಗಳ ಸಮತೂಕ ಈ ದುಡಿಮೆಯ ಫಲವೇ ಹೊರತು ಅದರ ಸಾಧನವಲ್ಲ.

ಆದರೆ ನಮ್ಮ ತಂದೆತಾಯಂದಿರ ಪ್ರಶ್ನೆ ಬೇರೆ: "ಮಗು ಬೇಲಿ ಹಾರುವುದು ಯಾವಾಗ?" ಸಮತಟ್ಟಿನ ಈ ಅಭ್ಯಾಸ ಅವರಿಗೆ ಬೇಸರದ ಸುತ್ತಾಟ. ಅಂಥವರು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟವನ್ನು ನೆನೆಯಲಿ. 41 ವರ್ಷಗಳ ಬಳಿಕ ಕುದುರೆ ಸವಾರಿಯಲ್ಲಿ ಭಾರತಕ್ಕೆ ಚಿನ್ನ ದೊರೆತದ್ದು ಡ್ರೆಸ್ಸಾಜ್ ತಂಡದಿಂದ, ಅಂದರೆ ಇದೇ ಸಮತಟ್ಟಿನ ಕಲೆಯಿಂದ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನ ಪಡೆದ ಬೆಂಗಳೂರಿನ ಫೌವಾದ್ ಮಿರ್ಜಾ ಅವರ ಈವೆಂಟಿಂಗ್ ಸ್ಪರ್ಧೆಯೂ ಆರಂಭವಾಗುವುದು ಡ್ರೆಸ್ಸಾಜ್‌ನಿಂದಲೇ; ಹಾರುವುದು ಆಮೇಲೆ.

ಪದಕಕ್ಕಿಂತ ದೊಡ್ಡ ಮಾತೊಂದಿದೆ. ಓರೆಯಾಗಿ ನಡೆಯುವ ಕುದುರೆಯ ಒಂದು ಪಕ್ಕದ ಕಾಲುಗಳ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಬಾಯಿ ನೋಯುತ್ತದೆ, ಬೆನ್ನು ಬಿಗಿಯುತ್ತದೆ. ದೂರು ಹೇಳಲು ಅದಕ್ಕೆ ನುಡಿಯಿಲ್ಲ. ಎಷ್ಟೋ ಸಲ ಆ ಓರೆಗೆ ಕಾರಣ ಜೀನಿನ ಮೇಲೆ ಒಂದೇ ಮಗ್ಗುಲಿಗೆ ವಾಲಿ ಕುಳಿತ ಸವಾರನೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಕುದುರೆಯನ್ನು ಡೊಂಕು ಎನ್ನುತ್ತೇವೆ. ಮುಂದಿನ ಬಾರಿ ಮಗುವನ್ನು ಕರೆತರಲು ಹೋದಾಗ "ಇಂದು ಎಷ್ಟು ಎತ್ತರ ಹಾರಿದೆ?" ಎನ್ನದೆ "ಇಂದು ಎರಡೂ ಕೈ ಸಮನಾಗಿದ್ದವೇ?" ಎಂದು ಕೇಳೋಣ.