ಚಾಲಕನಿಗೆ ಶಿಕ್ಷೆಯಷ್ಟೇ ಸಾಲದು, ಬೀದಿಗೊಬ್ಬ ಹೊಣೆಗಾರ ಬೇಕು

ಅಮೆರಿಕದಲ್ಲಿ ‘ವಾಹನ ಭಯೋತ್ಪಾದನೆ ತಡೆ ಕಾಯ್ದೆ’ ಜಾರಿಗೆ ಬಂದದ್ದು 2018ರ ಡಿಸೆಂಬರ್ 31ರಂದು. ಅದಕ್ಕೆ ಆರು ವರ್ಷ ತುಂಬಿದ ರಾತ್ರಿ ಕಳೆದು, 2025ರ ಜನವರಿ 1ರ ನಸುಕಿನಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಬರ್ಬನ್ ಬೀದಿಯಲ್ಲಿ ಹೊಸ ವರ್ಷ ಆಚರಿಸುತ್ತಿದ್ದವರ ಮೇಲೆ ಬಾಡಿಗೆಗೆ ಪಡೆದ ಪಿಕಪ್ ವಾಹನ ನುಗ್ಗಿತು. 14 ಜನ ಸತ್ತರು. ಆ ಕಾಯ್ದೆ ಕೇಳಿದ್ದು ಮುಖ್ಯವಾಗಿ ಒಂದನ್ನೇ: ಈ ಅಪಾಯವನ್ನು ಎದುರಿಸಲು ತಾನು ಏನು ಮಾಡುತ್ತಿದ್ದೇನೆಂದು ಒಳನಾಡು ಭದ್ರತಾ ಇಲಾಖೆ ಪರಿಶೀಲಿಸಿ ಸಂಸತ್ತಿಗೆ ತಿಳಿಸಬೇಕು. ಯಾವ ಬೀದಿಗೆ ಯಾರು ರಕ್ಷಣೆ ಒದಗಿಸಬೇಕು, ಒದಗಿಸದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಅದು ಹೇಳಲಿಲ್ಲ. ಆ ದುರಂತದ ನಂತರ ಅಲ್ಲಿನ ಪ್ರತಿನಿಧಿ ಸಭೆಯ ಮುಂದೆ ಬಂದ ಹೊಸ ಮಸೂದೆ ಕೂಡ ಪ್ರಧಾನವಾಗಿ ಕೇಳುವುದು ಇನ್ನೊಂದು ವರದಿಯನ್ನು. ಇಂಥ ದಾಳಿಗಳ ವಿರುದ್ಧ ಕಾನೂನು ಮಾಡುವವರು ಎಡವುತ್ತಿರುವುದು ಇಲ್ಲಿಯೇ. ಕಾನೂನು ದಾಳಿಕೋರನ ಬೆನ್ನು ಹತ್ತುತ್ತದೆ, ಇಲ್ಲವೇ ಕಡತದ ಬೆನ್ನು ಹತ್ತುತ್ತದೆ. ಜನ ಸೇರುವ ಜಾಗದ ಕಡೆಗೆ ಅದು ತಿರುಗಿ ನೋಡುವುದು ಅಪರೂಪ.

ದಾಳಿಕೋರನಿಗೆ ಶಿಕ್ಷೆ ಕೊಡಲು ಕಾನೂನಿನ ಕೊರತೆ ಎಲ್ಲೂ ಇಲ್ಲ. ನಮ್ಮ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) 15ನೇ ಸೆಕ್ಷನ್ ಬಾಂಬು, ಬಂದೂಕುಗಳ ಜತೆಗೆ ‘ಬೇರೆ ಯಾವುದೇ ಸಾಧನ’ವನ್ನೂ ಒಳಗೊಳ್ಳುತ್ತದೆ. ಲಾರಿಯೂ ಅದರಲ್ಲಿ ಬಂತು. ಆದರೆ ಸಾಯಲು ಸಿದ್ಧನಾಗಿ ಬಂದವನನ್ನು ಶಿಕ್ಷೆಯ ಭಯ ತಡೆಯುವುದಿಲ್ಲ. 2016ರ ಜುಲೈ 14ರಂದು ಫ್ರಾನ್ಸಿನ ನೀಸ್ ನಗರದ ಕಡಲ ದಂಡೆಯಲ್ಲಿ 19 ಟನ್ ತೂಕದ ಲಾರಿ ಹರಿಸಿ 86 ಜನರ ಸಾವಿಗೆ ಕಾರಣನಾದವನು ಪೊಲೀಸರ ಗುಂಡಿಗೆ ಸತ್ತ. 2017ರ ಲಂಡನ್ ಸೇತುವೆಯ ದಾಳಿಕೋರರೂ ನ್ಯೂ ಆರ್ಲಿಯನ್ಸ್‌ನ ದಾಳಿಕೋರನೂ ಹಾಗೆಯೇ ಸತ್ತರು. ಅಂಥವರಿಗೆ ಶಿಕ್ಷೆ ಹತ್ತು ವರ್ಷ ಹೆಚ್ಚಾದರೇನು, ಕಡಿಮೆಯಾದರೇನು? ಶಿಕ್ಷೆ ಹೆಚ್ಚಿಸುವ ಮಸೂದೆಗೆ ಸದನದಲ್ಲಿ ಸುಲಭವಾಗಿ ಚಪ್ಪಾಳೆ ಸಿಗುತ್ತದೆ, ಬೀದಿಯಲ್ಲಿರುವವರಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ.

ವಾಹನ ಬಾಡಿಗೆಗೆ ಕೊಡುವವರ ಮೇಲಿನ ನಿಯಮ ಬಿಗಿಗೊಳಿಸಬೇಕೆಂಬುದು ಇನ್ನೊಂದು ದಾರಿ. ಬ್ರಿಟನ್ 2018ರಲ್ಲಿ ಬಾಡಿಗೆ ವಾಹನ ಸಂಸ್ಥೆಗಳಿಗಾಗಿ ಭದ್ರತಾ ಯೋಜನೆಯೊಂದನ್ನು ತಂದಿತು. ಸಂಸ್ಥೆಗಳು ಸ್ವಇಚ್ಛೆಯಿಂದ ಸೇರಬಹುದಾದ ಈ ಯೋಜನೆಯಲ್ಲಿ ಸಿಬ್ಬಂದಿಗೆ ತರಬೇತಿ, ಅನುಮಾನ ಬಂದಾಗ ಪೊಲೀಸರಿಗೆ ತಿಳಿಸುವ ಏರ್ಪಾಡು ಇವೆ. ಇಷ್ಟು ಬೇಕು. ಆದರೆ ಇದನ್ನೇ ನೆಚ್ಚಿಕೊಂಡು ಕೂರಲಾಗದು. 2016ರ ಬರ್ಲಿನ್ ಮತ್ತು 2017ರ ಸ್ಟಾಕ್‌ಹೋಮ್ ದಾಳಿಗಳಲ್ಲಿ ಬಳಕೆಯಾದ ಲಾರಿಗಳು ಬಾಡಿಗೆಯವಲ್ಲ, ಅಪಹರಿಸಿದವು. ಸ್ವಂತ ಕಾರಿನಲ್ಲಿ ಬರುವವನನ್ನು ಯಾವ ಬಾಡಿಗೆ ಕಚೇರಿಯೂ ತಡೆಯಲಾರದು. ಅಷ್ಟೇ ಅಲ್ಲ, ಕೌಂಟರಿನಲ್ಲಿ ಕೂತ ಗುಮಾಸ್ತನಿಗೆ ಅನುಮಾನ ಪಡುವ ಅಧಿಕಾರ ಕೊಟ್ಟರೆ ಅವನು ದಾಖಲೆ ನೋಡುವ ಬದಲು ಹೆಸರು, ಗಡ್ಡ, ಬಣ್ಣ ನೋಡತೊಡಗುವ ಅಪಾಯವಿದೆ. ತಪಾಸಣೆ ಪರವಾನಗಿ, ಗುರುತಿನ ಚೀಟಿ, ಹಣ ಪಾವತಿಯ ಮೂಲಗಳಿಗೆ ಸೀಮಿತವಾಗಿರಬೇಕು. ಸಮುದಾಯವೊಂದರ ಮೇಲಿನ ಕಾವಲಾಗಬಾರದು.

ಕಾನೂನು ನಿಜಕ್ಕೂ ಜೀವ ಉಳಿಸಿದ್ದು ಬೇರೆ ಕಡೆ. 2016ರ ಡಿಸೆಂಬರ್ 19ರಂದು ಬರ್ಲಿನ್‌ನ ಕ್ರಿಸ್‌ಮಸ್ ಮಾರುಕಟ್ಟೆಗೆ ನುಗ್ಗಿದ ಲಾರಿ 70–80 ಮೀಟರ್ ಸಾಗಿ ನಿಂತಿತು. ನಿಲ್ಲಿಸಿದ್ದು ತಾನೇ ಹಾಕಿಕೊಳ್ಳುವ ತುರ್ತು ಬ್ರೇಕು. ಹೆದ್ದಾರಿಯ ಅಪಘಾತ ತಗ್ಗಿಸಲೆಂದು ಐರೋಪ್ಯ ಒಕ್ಕೂಟ ದೊಡ್ಡ ಲಾರಿಗಳಿಗೆ ಅದನ್ನು ಕಡ್ಡಾಯ ಮಾಡಿತ್ತು. ಅಂದು 12 ಜನ ಸತ್ತರು ನಿಜ, ಬ್ರೇಕು ಇಲ್ಲದಿದ್ದರೆ ಸಾವು ಇನ್ನೆಷ್ಟೋ ಹೆಚ್ಚುತ್ತಿತ್ತು. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ 2017ರ ಮೇ ತಿಂಗಳಲ್ಲಿ ಕಾಲುದಾರಿಯ ಮೇಲೆ ಓಡಿಬಂದ ಕಾರನ್ನು ನಿಲ್ಲಿಸಿದ್ದು ನೆಲದಲ್ಲಿ ಹುಗಿದ ಉಕ್ಕಿನ ಗೂಟ, ಅಂದರೆ ಬೊಲ್ಲಾರ್ಡ್. ಆ ಚಾಲಕ ಭಯೋತ್ಪಾದಕನಲ್ಲ, ಮಾನಸಿಕ ಅಸ್ವಸ್ಥ. ಗೂಟವಾಗಲಿ ಬ್ರೇಕಾಗಲಿ ಚಾಲಕನ ಉದ್ದೇಶ ಯಾವುದೆಂದು ಕೇಳುವುದಿಲ್ಲ. ಕಾನೂನಿಗೂ ಈ ಗುಣ ಬೇಕು.

ಗೂಟ ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯದು ಎಂಬುದಕ್ಕೂ ನ್ಯೂ ಆರ್ಲಿಯನ್ಸ್ ಸಾಕ್ಷಿ. ಬರ್ಬನ್ ಬೀದಿಗೆ ಬೊಲ್ಲಾರ್ಡ್‌ಗಳನ್ನು ಹಾಕಲಾಗಿತ್ತು. ಹಬ್ಬದಲ್ಲಿ ಎರಚುವ ಮಣಿಸರಗಳು ಸಿಕ್ಕಿಕೊಂಡು ಅವು ಕೆಟ್ಟವು. ದಾಳಿಯ ಹೊತ್ತಿಗೆ ಬದಲಾಯಿಸುವ ಕಾಮಗಾರಿ ನಡೆದಿತ್ತು. ಅಡ್ಡ ನಿಲ್ಲಿಸಿದ್ದ ಪೊಲೀಸ್ ಕಾರನ್ನು ತಪ್ಪಿಸಿ ಪಿಕಪ್ ಕಾಲುದಾರಿ ಹತ್ತಿ ಒಳಬಂತು. ಹೊಸದಾಗಿ ಆರಿಸಿದ್ದ ಗೂಟಗಳು ಗಂಟೆಗೆ ಸುಮಾರು 16 ಕಿ.ಮೀ. ವೇಗದ ಡಿಕ್ಕಿಗಷ್ಟೇ ತಾಳುವಂಥವು ಎಂದು ರಾಯಿಟರ್ಸ್ ಆಮೇಲೆ ವರದಿ ಮಾಡಿತು. ಆ ದಾಳಿಗೆ 12 ದಿನ ಮೊದಲು, 2024ರ ಡಿಸೆಂಬರ್ 20ರಂದು, ಜರ್ಮನಿಯ ಮಾಗ್ಡೆಬುರ್ಗ್‌ನ ಕ್ರಿಸ್‌ಮಸ್ ಮಾರುಕಟ್ಟೆಯಲ್ಲಿ ಕಾಂಕ್ರೀಟ್ ದಿಮ್ಮಿಗಳನ್ನು ಇಟ್ಟಿದ್ದರು. ತುರ್ತು ವಾಹನಗಳಿಗೆಂದು ಬಿಟ್ಟ ಸಂದಿಯಲ್ಲೇ ಕಾರು ನುಗ್ಗಿ ಆರು ಜನ ಸತ್ತರು. ಲಂಡನ್ನಿನಲ್ಲಿ 2017ರ ಮಾರ್ಚ್ 22ರಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ದಾಳಿಯಾಯಿತು. ಹತ್ತು ವಾರ ಕಳೆದು ಜೂನ್ 3ರಂದು ಲಂಡನ್ ಸೇತುವೆಯ ಮೇಲೆ ಅದೇ ಬಗೆಯ ದಾಳಿಯಾದಾಗ ಅಲ್ಲಿ ತಡೆಗೋಡೆಯಿರಲಿಲ್ಲ. ಎಂಟು ಜನ ಸತ್ತ ಮೇಲೆ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಮೂರೂ ಕಡೆ ತಂತ್ರಜ್ಞಾನಕ್ಕಾಗಲಿ ಹಣಕ್ಕಾಗಲಿ ಬರವಿರಲಿಲ್ಲ. ‘ಇದು ನನ್ನ ಹೊಣೆ, ಇಂದು ಸಂಜೆ ನಾನು ನೋಡಿ ಬಂದೆ’ ಎಂದು ಹೇಳಲೇಬೇಕಾದ ಒಬ್ಬ ಅಧಿಕಾರಿಯ ಬರವಿತ್ತು.

ಬ್ರಿಟನ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2017ರ ಮ್ಯಾಂಚೆಸ್ಟರ್ ಸ್ಫೋಟದಲ್ಲಿ ಮಡಿದ ಯುವಕನೊಬ್ಬನ ನೆನಪಿನಲ್ಲಿ ‘ಮಾರ್ಟಿನ್ಸ್ ಲಾ’ ಎಂದು ಕರೆಯಲಾಗುವ ಕಾಯ್ದೆಗೆ 2025ರ ಏಪ್ರಿಲ್ 3ರಂದು ಒಪ್ಪಿಗೆ ಸಿಕ್ಕಿತು. 200 ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಹುದಾದ ಸ್ಥಳಗಳಿಗೆ ಒಂದು ಮಟ್ಟದ ಸಿದ್ಧತೆ, 800 ಮುಟ್ಟಿದರೆ ಇನ್ನೂ ಬಿಗಿಯಾದ ಸಿದ್ಧತೆ ಕಡ್ಡಾಯ. ಮೇಲ್ವಿಚಾರಣೆಗೆ ಒಂದು ಸಂಸ್ಥೆ, ಸಿದ್ಧತೆಗೆ ಕನಿಷ್ಠ ಎರಡು ವರ್ಷದ ಕಾಲಾವಕಾಶ. ಹೊಣೆ ಯಾರದೆಂದು ಮೊದಲೇ ಬರೆದಿಟ್ಟದ್ದು ಇದರ ಹೆಚ್ಚುಗಾರಿಕೆ. ಆದರೆ ಇದು ಕಟ್ಟಡಗಳಿಗೂ ಪ್ರವೇಶ ದ್ವಾರದಲ್ಲಿ ತಪಾಸಣೆಯಿರುವ ಕಾರ್ಯಕ್ರಮಗಳಿಗೂ ಸಂಬಂಧಿಸಿದ್ದು. ಸೇತುವೆ, ಸಾರ್ವಜನಿಕ ರಸ್ತೆ, ಬೀದಿ ಮೆರವಣಿಗೆ ಇದರ ಹೊರಗೇ ಉಳಿದವು. ವಾಹನ ದಾಳಿಗಳು ಹೆಚ್ಚಾಗಿ ನಡೆಯುವುದು ಅಲ್ಲಿಯೇ.

ಬೀದಿಗಳಿಗೂ ಇಂಥ ಹೊಣೆ, ತಡೆ ಕಡ್ಡಾಯ ಮಾಡುವುದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಒಂದು ಬೀದಿ ಮುಚ್ಚಿದರೆ ದಾಳಿಕೋರ ಮುಂದಿನ ಬೀದಿಗೆ ಹೋಗುತ್ತಾನೆ ಎನ್ನುತ್ತಾರೆ. ಹೋಗಬಹುದು. ಆದರೆ ಸಾವಿರಾರು ಜನ ಒತ್ತೊತ್ತಾಗಿ ನಿಂತಲ್ಲಿ ಆಗುವ ಅನಾಹುತ ಚದುರಿದ ಜನರಿರುವಲ್ಲಿ ಆಗುವುದಿಲ್ಲ, ಅವನ ಯೋಜನೆ ಕಷ್ಟವಾದಷ್ಟೂ ಸಿಕ್ಕಿಬೀಳುವ ಸಾಧ್ಯತೆ ಬೆಳೆಯುತ್ತದೆ. ಎರಡನೆಯದು ಖರ್ಚು. ಜರ್ಮನಿಯ ಓವರಾಟ್ ಎಂಬ ಊರು ಭದ್ರತೆಯ ವೆಚ್ಚ ಭರಿಸಲಾಗದೆ 2025ರಲ್ಲಿ ತನ್ನ ಕ್ರಿಸ್‌ಮಸ್ ಮಾರುಕಟ್ಟೆಯನ್ನೇ ಕೈಬಿಟ್ಟಿತು. ಹೊಣೆಯನ್ನು ಆಯೋಜಕರ ಹೆಗಲಿಗೆ ಹೊರಿಸಿ ಹಣ ಕೊಡದ ಕಾನೂನು ಹಬ್ಬಗಳನ್ನೇ ಕೊಲ್ಲುತ್ತದೆ. ಭಯೋತ್ಪಾದನೆಯಿಂದ ಜನರನ್ನು ಕಾಯುವುದು ಸರ್ಕಾರದ ಮೂಲ ಕರ್ತವ್ಯವಾದ್ದರಿಂದ ಸಾರ್ವಜನಿಕ ಬೀದಿಯ ತಡೆಗಳಿಗೆ ಹಣ ಸರ್ಕಾರವೇ ಕೊಡಬೇಕು. ಮೂರನೆಯದು, ನಗರವೆಲ್ಲ ಕೋಟೆಯಾಗುತ್ತದೆ ಎಂಬ ಆತಂಕ. ಸರಿಯಾದ ಅಂತರದಲ್ಲಿ ನೆಟ್ಟ ಗೂಟ, ಕಲ್ಲಿನ ಬೆಂಚು, ಭದ್ರವಾದ ಗಿಡದ ತೊಟ್ಟಿಗಳು ಗಾಲಿಕುರ್ಚಿಗೂ ಮಗುವಿನ ತಳ್ಳುಗಾಡಿಗೂ ದಾರಿ ಬಿಟ್ಟು, ಪಾದಚಾರಿಗೆ ದಿನನಿತ್ಯದ ನೆಮ್ಮದಿಯನ್ನೂ ಕೊಡಬಲ್ಲವು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನಾ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಹಲವು ಯುವಕರು, ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅದು ದಾಳಿಯಲ್ಲ, ಅಪಘಾತ. ಆದರೆ ಜನರಿಗೂ ಲಾರಿಗೂ ನಡುವೆ ಅದನ್ನು ತಡೆದು ನಿಲ್ಲಿಸುವಂಥದ್ದು ಏನೂ ಇರಲಿಲ್ಲ. ಅದೇ ವರ್ಷದ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ರೂಪಿಸಿತು. ಅಂಥ ಕಾನೂನಿನಲ್ಲಿ ವಾಹನ ತಡೆಯ ಮಾತು ಖಚಿತವಾಗಿ ಇರಬೇಕು. ಜಾತ್ರೆ, ಮೆರವಣಿಗೆ, ಹೊಸ ವರ್ಷದ ರಾತ್ರಿಯ ಎಂ.ಜಿ. ರಸ್ತೆಯಂಥ ಕಡೆಗಳಲ್ಲಿ ವಾಹನ ನುಗ್ಗಬಹುದಾದ ಪ್ರತಿ ದಾರಿಯನ್ನು ಗುರುತಿಸಬೇಕು. ಒಬ್ಬನೇ ಕೈಯಲ್ಲಿ ತಳ್ಳಬಹುದಾದ ಬ್ಯಾರಿಕೇಡ್ ಇಟ್ಟು ಕೈತೊಳೆದುಕೊಳ್ಳದೆ ಲಾರಿಯ ಡಿಕ್ಕಿಗೆ ತಾಳುವ ತಡೆ ಹಾಕಬೇಕು. ಆಂಬುಲೆನ್ಸ್ ದಾರಿಗೆ ತೆಗೆದು ಮುಚ್ಚುವ ತಡೆಯೂ ಅಲ್ಲೊಬ್ಬ ಕಾವಲಿನವನೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಯಕ್ರಮಕ್ಕೆ ಮೊದಲು ಸ್ಥಳ ಪರಿಶೀಲಿಸಿ ಸಹಿ ಹಾಕುವ ಅಧಿಕಾರಿಯ ಹುದ್ದೆ ಯಾವುದೆಂದು ಕಾನೂನಿನಲ್ಲೇ ನಮೂದಾಗಬೇಕು. ದುರಂತದ ಮರುದಿನ ತನಿಖಾ ಆಯೋಗ ಹುಡುಕುವ ಆ ಹೊಣೆಗಾರನನ್ನು ದುರಂತಕ್ಕೆ ಮೊದಲೇ ನೇಮಿಸುವುದು ಶಾಸಕಾಂಗದ ಕೈಯಲ್ಲಿದೆ.