ಪ್ರಕಟಣೆ ಯಾರ ಕಣ್ಣಿಗೆ?

ರಾಜಾಜಿನಗರದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬರುವ ಕಾರ್ಮಿಕನಾಗಲಿ, ಕೆಂಗೇರಿಯಲ್ಲಿ ತಕ್ಕಡಿ ಹಿಡಿದು ಕೂತ ಚಿಲ್ಲರೆ ವ್ಯಾಪಾರಿಯಾಗಲಿ ಶಿಕ್ಷಣ ಇಲಾಖೆಯ ಜಾಲತಾಣವನ್ನು ದಿನವೂ ತೆರೆದು ನೋಡಬಲ್ಲನೆ? ‘ಪ್ರಕಟಿಸಿದೆವಲ್ಲ’ ಎಂದು ಅಧಿಕಾರಿಗಳು ಕೈ ತೊಳೆದುಕೊಳ್ಳುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುವುದೇ ಬೇರೆ. ಎಂಟನೆಯ ತರಗತಿಯವರೆಗೆ, ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸಕೂಡದು ಎನ್ನುತ್ತದೆ 14ನೇ ಕಲಮು; ಅವಧಿ ಮೀರಿ ಬಂದರೂ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 15ನೇ ಕಲಮು. ಈ ಎರಡು ಮಾತು ಎಷ್ಟು ಶಾಲೆಗಳ ಗೇಟಿನ ಮೇಲಿವೆ? ಶುಲ್ಕದ ಪಟ್ಟಿ ಮಾತ್ರ ಥಳಥಳಿಸುತ್ತಿರುತ್ತದೆ!

ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ, ಪೋಷಕರೇ ಇರಬೇಕೆಂದು 21ನೇ ಕಲಮು ವಿಧಿಸಿದೆ, ಅರ್ಧದಷ್ಟು ಮಹಿಳೆಯರು. ಅವರು ಮುಂದಿನ ಸಭೆಯಲ್ಲೇ ಪಟ್ಟು ಹಿಡಿಯಲಿ: ಪ್ರತಿಯೊಂದು ಸೂಚನೆಯೂ ಕನ್ನಡದಲ್ಲಿ ಶಾಲೆಯ ಬಾಗಿಲಿಗೆ, ನ್ಯಾಯಬೆಲೆ ಅಂಗಡಿಗೆ, ಕಾರ್ಖಾನೆಯ ಗೇಟಿಗೆ ಬರಬೇಕು.